ಓದಲಾಗದ ಬರಹ, ನಂಬಲಾದ ಚಿನ್ನ: ವೆನಿಸ್ಸಿನ ಡುಕಾಟ್ ನಾಣ್ಯ ಮತ್ತು ಅದರ ಹೆಸರುಗಳು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡದಲ್ಲಿ ಕಚೇರಿಯ ಮುದ್ರೆಗೆ ‘ಶಿಕ್ಕಾ’ ಎನ್ನುವುದು ರೂಢಿ. ನೆರೆಯ ಮರಾಠಿಯಲ್ಲಿಯೂ ಇದೇ ಪದವಿದೆ. ಇದರ ಮೂಲ ಅರಬ್ಬಿಯ ‘ಸಿಕ್ಕಾ’. ನಾಣ್ಯವನ್ನು ಒತ್ತುವ ಅಚ್ಚು ಎಂಬುದು ಅದರ ಅರ್ಥ. ಫಾರಸಿಯ ಆಡಳಿತ ಪರಿಭಾಷೆಯೊಡನೆ ದಖ್ಖನಿಗೆ ಬಂದ ಈ ಪದ ಇಲ್ಲಿ ನಾಣ್ಯದ ಅಚ್ಚಿನಿಂದ ಕಾಗದದ ಮೇಲಿನ ಮುದ್ರೆಗೆ ಅರ್ಥವನ್ನು ವಿಸ್ತರಿಸಿಕೊಂಡಿತು. ಅದೇ ಪದ ಪಶ್ಚಿಮಕ್ಕೆ ಸಾಗಿ ಇಟಲಿಯ ವೆನಿಸ್ ನಗರದಲ್ಲಿ ‘ತ್ಸೆಕ್ಕ’ ಎಂದಾಯಿತು. ಅಲ್ಲಿ ಅದಕ್ಕೆ ಟಂಕಸಾಲೆ ಎಂಬ ಅರ್ಥ ಬಂದಿತು. ಆ ಟಂಕಸಾಲೆಯಿಂದ ಹೊರಬಂದ ಚಿನ್ನದ ನಾಣ್ಯಕ್ಕೆ ‘ತ್ಸೆಕ್ಕೀನೊ’ ಎಂಬ ಹೆಸರಾಯಿತು. ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಹೋದ ಅದು ‘ಸೀಕ್ವಿನ್’ ಆಯಿತು. ಇಂದು ಬಟ್ಟೆಯಂಗಡಿಯಲ್ಲಿ ಸೀಕ್ವಿನ್ ಎಂದರೆ ಸೀರೆಗೆ ಹೊಲಿಯುವ ಚಮಕಿ.

ಒಂದೇ ಪದದ ಈ ಎರಡು ದಾರಿಗಳು ಕೂಡುವ ಸ್ಥಳದಲ್ಲಿ ಒಂದು ನಾಣ್ಯವಿದೆ. 13ನೆಯ ಶತಮಾನದ ಕೊನೆಯಿಂದ 18ನೆಯ ಶತಮಾನದ ಕೊನೆಯವರೆಗೆ ವೆನಿಸ್ ಗಣರಾಜ್ಯ ಮುದ್ರಿಸಿದ ಡುಕಾಟ್ ಅದು. ಯುರೋಪಿನ ವಾಣಿಜ್ಯದಲ್ಲಿ ಮಾತ್ರವಲ್ಲ, ಅಲೆಗ್ಸಾಂಡ್ರಿಯ, ಕೈರೊ, ಇಸ್ತಾಂಬುಲ್ ಪೇಟೆಗಳಲ್ಲಿಯೂ ಭಾರತದ ಪಶ್ಚಿಮ ಕರಾವಳಿಯಲ್ಲಿಯೂ ಅದು ಚಲಾವಣೆಯಲ್ಲಿತ್ತು. ಅದರ ಮೇಲಿನ ಬರಹ ಲ್ಯಾಟಿನ್. ಅದನ್ನು ಕೈಯಿಂದ ಕೈಗೆ ದಾಟಿಸಿದ ಬಹುಪಾಲು ಜನರಿಗೆ ಆ ಲಿಪಿಯಾಗಲಿ ಆ ಭಾಷೆಯಾಗಲಿ ತಿಳಿದಿರಲಿಲ್ಲ. ಓದಲಾಗದ ಬರಹವೊಂದು ಇಷ್ಟು ದೂರ ನಂಬಿಕೆಗೆ ಪಾತ್ರವಾದದ್ದು ಹೇಗೆ? ಅದನ್ನು ಓದಲಾರದವರು ಅದರಲ್ಲಿ ಏನನ್ನು ಕಂಡರು? ಈ ಎರಡು ಪ್ರಶ್ನೆಗಳು ನಾಣ್ಯಶಾಸ್ತ್ರಕ್ಕೆ ಎಷ್ಟು ಸೇರಿದವೋ ಭಾಷಾಸಂಪರ್ಕದ ಅಧ್ಯಯನಕ್ಕೂ ಅಷ್ಟೇ ಸೇರಿದವು.

ಹೂವಿನ ನಾಣ್ಯ, ಡೋಜನ ನಾಣ್ಯ

ಶಾರ್ಲಮೇನನ ಕಾಲದಿಂದ ಸುಮಾರು ಐದು ಶತಮಾನಗಳ ಕಾಲ ಪಶ್ಚಿಮ ಯುರೋಪಿನ ಹಣವೆಂದರೆ ಬೆಳ್ಳಿಯ ಹಣ. ಅರಬ್ಬಿ ಪ್ರಭಾವವಿದ್ದ ಸ್ಪೇನ್ ಮತ್ತು ಸಿಸಿಲಿಗಳನ್ನು ಬಿಟ್ಟರೆ ಉಳಿದೆಡೆ ಚಿನ್ನದ ನಾಣ್ಯ ವಿರಳವಾಗಿತ್ತು. ದೊಡ್ಡ ವ್ಯವಹಾರಕ್ಕೆ ಚಿನ್ನ ಬೇಕಾದಾಗ ಬೈಜಾಂಟಿಯಮ್ಮಿನ ಅಥವಾ ಮುಸ್ಲಿಂ ಅರಸರ ನಾಣ್ಯಗಳೇ ಗತಿ. ಈ ಸ್ಥಿತಿ 1252ರಲ್ಲಿ ಬದಲಾಯಿತು. ಆ ವರ್ಷ ಜಿನೋವಾ ಮತ್ತು ಫ್ಲಾರೆನ್ಸ್ ನಗರಗಳೆರಡೂ ಚಿನ್ನದ ನಾಣ್ಯಗಳನ್ನು ಹೊರತಂದವು. ಫ್ಲಾರೆನ್ಸಿನ ನಾಣ್ಯದ ಒಂದು ಮುಖದಲ್ಲಿ ನಗರದ ಪೋಷಕ ಸಂತನಾದ ಸ್ನಾನಿಕ ಯೋಹಾನ, ಇನ್ನೊಂದು ಮುಖದಲ್ಲಿ ನಗರದ ಲಾಂಛನವಾದ ಲಿಲಿ ಹೂವು. ಇಟಾಲಿಯನ್ನಿನಲ್ಲಿ ‘ಫಿಯೊರೆ’ ಎಂದರೆ ಹೂವು. ನಾಣ್ಯ ‘ಫಿಯೊರೀನೊ’ ಆಯಿತು, ಬೇರೆ ಭಾಷೆಗಳಲ್ಲಿ ‘ಫ್ಲೋರಿನ್’ ಆಯಿತು. ಹಂಗೆರಿ ದೇಶದ ಇಂದಿನ ಹಣಕ್ಕೆ ‘ಫೋರಿಂಟ್’ ಎಂಬ ಹೆಸರು ಬಂದದ್ದೂ ಇದರಿಂದಲೇ.

ವೆನಿಸ್ ಮೂರು ದಶಕಗಳಷ್ಟು ಕಾದಿತು. 1284ರಲ್ಲಿ, ಜೊವಾನ್ನಿ ದಂದೊಲೊ ಡೋಜನಾಗಿದ್ದಾಗ, ಫ್ಲೋರಿನ್ನಿಗೆ ಸರಿಸಮನಾದ ಚಿನ್ನದ ನಾಣ್ಯವನ್ನು ಮುದ್ರಿಸಲು ಗಣರಾಜ್ಯ ನಿರ್ಧರಿಸಿತು. ‘ಡೋಜ್’ ಎಂಬುದು ವೆನಿಸ್ಸಿನ ಚುನಾಯಿತ ಅಧಿಪತಿಯ ಪದವಿ. ಲ್ಯಾಟಿನ್ನಿನ ‘ದುಕ್ಸ್’ ಅಂದರೆ ನಾಯಕ ಎಂಬ ಪದದ ವೆನಿಸ್ ರೂಪ. ಡೋಜನ ಆಳ್ವಿಕೆಯ ನಾಡು ‘ದುಕಾತುಸ್’. ಹೊಸ ನಾಣ್ಯದ ತೂಕ ಸುಮಾರು 3.5 ಗ್ರಾಂ, ಅಂದಿನ ವಿದ್ಯೆಗೆ ಸಾಧ್ಯವಿದ್ದಷ್ಟು ಶುದ್ಧವಾದ ಅಪರಂಜಿ ಅದರಲ್ಲಿತ್ತು. ಸಾವಿರ ಪಾಲಿನಲ್ಲಿ ಸುಮಾರು 995 ಪಾಲು ಚಿನ್ನವೇ.

ನಾಣ್ಯದ ಒಂದು ಮುಖದಲ್ಲಿ ವೆನಿಸ್ಸಿನ ರಕ್ಷಕನಾದ ಸಂತ ಮಾರ್ಕ ನಿಂತಿದ್ದಾನೆ. ಅವನೆದುರು ಡೋಜ್ ಮಂಡಿಯೂರಿ ಧ್ವಜದ ಕೋಲೊಂದನ್ನು ಸ್ವೀಕರಿಸುತ್ತಿದ್ದಾನೆ. ಇಬ್ಬರ ನಡುವೆ ಆ ಕೋಲು ನಾಣ್ಯದ ಎತ್ತರಕ್ಕೂ ನೆಟ್ಟಗೆ ನಿಂತಿದೆ. ಇನ್ನೊಂದು ಮುಖದಲ್ಲಿ ಬಾದಾಮಿಯಾಕಾರದ ಪ್ರಭಾವಳಿಯೊಳಗೆ, ನಕ್ಷತ್ರಗಳ ನಡುವೆ, ಆಶೀರ್ವದಿಸುವ ಕ್ರಿಸ್ತ. ಸುತ್ತಲೂ ಸಂಕ್ಷೇಪಾಕ್ಷರಗಳ ಲ್ಯಾಟಿನ್ ಬರಹ: ಕ್ರಿಸ್ತನೇ, ನೀನಾಳುವ ಈ ದುಕಾತುಸ್ ನಿನಗೇ ಅರ್ಪಿತವಾಗಲಿ ಎಂಬುದು ಅದರ ಭಾವ. ಬರಹದ ಕೊನೆಯ ಪದದಿಂದಲೇ ನಾಣ್ಯಕ್ಕೆ ‘ಡುಕಾಟ್’ ಎಂಬ ಹೆಸರು ಬಂದಿತೆಂದು ಹಲವೆಡೆ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ದಕ್ಷಿಣ ಇಟಲಿಯಲ್ಲಿ ಎರಡನೆಯ ರೋಜರ್ ಅರಸ 1140ರಲ್ಲಿ ಹೊರಡಿಸಿದ ಬೆಳ್ಳಿ ನಾಣ್ಯಕ್ಕೂ, ವೆನಿಸ್ಸಿನದೇ ಹಳೆಯ ಬೆಳ್ಳಿ ನಾಣ್ಯಕ್ಕೂ ಈ ಹೆಸರು ಮೊದಲೇ ಇತ್ತು. ಬರಹವು ಹೆಸರನ್ನು ಹುಟ್ಟಿಸಲಿಲ್ಲ. ಇದ್ದ ಹೆಸರನ್ನು ಬೇರೂರಿಸಿತು.

ಬದಲಾಗದಿರುವುದರ ಬಲ

ಈ ವಿನ್ಯಾಸ 1797ರವರೆಗೂ ಬದಲಾಗಲಿಲ್ಲ. ಪ್ರತಿಯೊಬ್ಬ ಹೊಸ ಡೋಜನ ಕಾಲದಲ್ಲಿ ಅವನ ಹೆಸರಿನ ಅಕ್ಷರಗಳು ಮಾತ್ರ ಬದಲಾದವು. ಚಿತ್ರವೂ ಬರಹವೂ ತೂಕವೂ ಶುದ್ಧತೆಯೂ ಐದು ಶತಮಾನಗಳಿಗೂ ಮಿಕ್ಕಿ ಹೆಚ್ಚುಕಡಿಮೆ ಒಂದೇ ಆಗಿ ಉಳಿದವು. ಕಲೆಯ ಇತಿಹಾಸದ ದೃಷ್ಟಿಯಿಂದ ಇದು ವಿಚಿತ್ರ. ಡುಕಾಟಿನ ನಿಂತ ಭಂಗಿ, ಚಪ್ಪಟೆಯಾದ ಆಕೃತಿಗಳು, ಪ್ರಭಾವಳಿ ಎಲ್ಲವೂ ಬೈಜಾಂಟಿಯಮ್ ಶೈಲಿಗೆ ಸೇರಿದವು. ಟಂಕಸಾಲೆಯಿಂದ ಕೂಗಳತೆಯಲ್ಲಿ ಬೆಲ್ಲೀನಿ ಸೋದರರು, ತಿತ್ಸಿಯಾನೊ, ತಿಂತೊರೆತ್ತೊ ಮೊದಲಾದವರು ಯುರೋಪಿನ ಚಿತ್ರಕಲೆಯ ದಿಕ್ಕನ್ನೇ ಬದಲಿಸುತ್ತಿದ್ದರು. ಬೇರೆ ರಾಜ್ಯಗಳ ನಾಣ್ಯಗಳಲ್ಲಿ ಅರಸರ ಮುಖಗಳು ಜೀವಂತ ಭಾವಚಿತ್ರಗಳಾಗುತ್ತಿದ್ದವು. ವೆನಿಸ್ಸಿನ ಅಚ್ಚುಕೊರೆಯುವವರು ಮಾತ್ರ ಹಳೆಯ ಅಚ್ಚನ್ನೇ ಮತ್ತೆ ಮತ್ತೆ ಕೊರೆದರು.

ಇದು ಅಜ್ಞಾನವೂ ಅಲ್ಲ, ಜಡತೆಯೂ ಅಲ್ಲ. ದೂರದ ಪೇಟೆಯಲ್ಲಿ ಕುಳಿತ ಸರಾಫನಿಗೆ ಬೇಕಾದುದು ಸುಂದರವಾದ ನಾಣ್ಯವಲ್ಲ, ಗುರುತಿಗೆ ಸಿಗುವ ನಾಣ್ಯ. ತಾನು ನಿನ್ನೆ ಒರೆಗಲ್ಲಿಗೆ ಹಚ್ಚಿ ನೋಡಿದ ನಾಣ್ಯವೂ ಇಂದು ಕೈಗೆ ಬಂದ ನಾಣ್ಯವೂ ಒಂದೇ ಎಂದು ಕಣ್ಣಿಗೆ ಕಂಡರೆ ಅರ್ಧ ವ್ಯವಹಾರ ಮುಗಿದಂತೆ. ಚಿತ್ರ ಬದಲಾದರೆ ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದ ನಾಣ್ಯಕ್ಕೆ ವಟ್ಟ ಬೀಳುತ್ತದೆ. ಆದ್ದರಿಂದ ಡುಕಾಟಿನ ಮೇಲಿನ ಬರಹ ಮೊದಲಿಗೆ ಓದಲೆಂದು ಬರೆದ ಪಠ್ಯವಾಗಿದ್ದರೂ ಕಾಲಕ್ರಮದಲ್ಲಿ ನೋಡಿ ಗುರುತಿಸುವ ಚಿತ್ರವಾಗಿ ಮಾರ್ಪಟ್ಟಿತು. ಅರ್ಥ ತಿಳಿಯದಿದ್ದರೂ ಅದರ ಸಾಕ್ಷ್ಯ ಕೆಲಸ ಮಾಡುತ್ತಿತ್ತು.

ನಾಣ್ಯ ಸ್ಥಿರವಾಗಿದ್ದರೂ ಅದರ ಹೆಸರು ಸ್ಥಿರವಾಗಿರಲಿಲ್ಲ. 15ನೆಯ ಶತಮಾನದ ನಡುಭಾಗದಲ್ಲಿ ಒಂದು ಡುಕಾಟಿಗೆ 124 ಸೊಲ್ದಿ ಎಂಬ ಬೆಳ್ಳಿ ಲೆಕ್ಕ ನೆಲೆಗೊಂಡಿತು. 16ನೆಯ ಶತಮಾನದಲ್ಲಿ ಚಿನ್ನದ ಬೆಲೆ ಏರಿದಾಗ ನಾಣ್ಯವೂ ಅದರೊಡನೆ ಏರಿತು. ಆದರೆ ಲೆಕ್ಕದ ಪುಸ್ತಕಗಳಲ್ಲಿ 124 ಸೊಲ್ದಿಗೆ ‘ಡುಕಾಟ್’ ಎಂದು ಬರೆಯುವ ಅಭ್ಯಾಸ ಹಾಗೆಯೇ ಉಳಿಯಿತು. ಹೀಗೆ ಒಂದೇ ಹೆಸರಿಗೆ ಎರಡು ಅರ್ಥಗಳಾದವು: ಕೈಗೆ ಸಿಗುವ ಚಿನ್ನ ಒಂದು, ಕಾಗದದ ಮೇಲಿನ ಲೆಕ್ಕ ಇನ್ನೊಂದು. ಗೊಂದಲ ತಪ್ಪಿಸಲು ಚಿನ್ನದ ನಾಣ್ಯವನ್ನು ‘ತ್ಸೆಕ್ಕೀನೊ’, ಅಂದರೆ ಟಂಕಸಾಲೆಯದು, ಎಂದು ಕರೆಯುವ ರೂಢಿ ಬಂದಿತು. 1562ರಲ್ಲಿ ವೆನಿಸ್ 124 ಎಂಬ ಅಂಕಿಯನ್ನೇ ಹೊತ್ತ ಬೆಳ್ಳಿಯ ಡುಕಾಟನ್ನು ಹೊರತಂದಾಗ ಲೆಕ್ಕದ ಹೆಸರಿಗೂ ಒಂದು ದೇಹ ದೊರೆಯಿತು. ‘ವರಹ’, ‘ಹಣ’, ‘ಆಣೆ’ಗಳು ಚಲಾವಣೆಯಿಂದ ಹೋದ ಮೇಲೂ ಲೆಕ್ಕದಲ್ಲಿ, ಗಾದೆಯಲ್ಲಿ, ಹರಕೆಯಲ್ಲಿ ಉಳಿದುದನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯ ಅರ್ಥವಿಭಜನೆ ಅಪರಿಚಿತವಲ್ಲ.

ಕಾವ್ಯದಲ್ಲಿ, ಚಿತ್ರದಲ್ಲಿ, ರಂಗದಲ್ಲಿ

ನಾಣ್ಯದ ಬರಹವನ್ನು ಓದಬಲ್ಲವರ ನಾಡಿನಲ್ಲಿ ಸಾಹಿತ್ಯಕ್ಕೆ ವಸ್ತುವಾದುದು ನಂಬಿಕೆಗಿಂತ ಹೆಚ್ಚಾಗಿ ಅನುಮಾನ. ಫ್ಲಾರೆನ್ಸಿನ ಕವಿ ದಾಂತೆ ತನ್ನ ಮಹಾಕಾವ್ಯದ ನರಕಖಂಡದ 30ನೆಯ ಸರ್ಗದಲ್ಲಿ ಆದಾಮೊ ಎಂಬ ಕಳ್ಳನಾಣ್ಯಗಾರನನ್ನು ಕಾಣುತ್ತಾನೆ. ಈ ಆದಾಮೊ ಐತಿಹಾಸಿಕ ವ್ಯಕ್ತಿ. ರೊಮೇನದ ಪ್ರಭುಗಳ ಮಾತಿಗೆ ಕಟ್ಟುಬಿದ್ದು ಫ್ಲೋರಿನ್ನಿನಲ್ಲಿ ಮೂರು ಕ್ಯಾರೆಟ್ಟಿನಷ್ಟು ಕೀಳು ಲೋಹವನ್ನು ಬೆರೆಸಿದನೆಂಬ ಅಪರಾಧಕ್ಕಾಗಿ ಅವನನ್ನು 1281ರಲ್ಲಿ ಸುಟ್ಟು ಕೊಲ್ಲಲಾಯಿತು. ನರಕದಲ್ಲಿ ಅವನಿಗೆ ಜಲೋದರ. ಹೊಟ್ಟೆ ಊದಿ, ಒಂದು ಹನಿ ನೀರಿಗಾಗಿ ಹಂಬಲಿಸುತ್ತಾನೆ. ಚಿನ್ನದ ಒಳಗನ್ನು ಕೆಡಿಸಿದವನಿಗೆ ಒಳಗೇ ಕೆಟ್ಟ ದೇಹವನ್ನು ಶಿಕ್ಷೆಯಾಗಿ ಕೊಟ್ಟಿರುವುದು ಕವಿಯ ನ್ಯಾಯ. ಸ್ವರ್ಗಖಂಡದ 9ನೆಯ ಸರ್ಗದಲ್ಲಂತೂ ಶುದ್ಧವಾದ ಫ್ಲೋರಿನ್ನೇ ಶಾಪಗ್ರಸ್ತ ಹೂವಾಗುತ್ತದೆ. ಕುರಿಗಳನ್ನು ದಾರಿತಪ್ಪಿಸಿ ಕುರುಬನನ್ನೇ ತೋಳವಾಗಿಸಿದ ಹೂವು ಅದೆಂಬುದು ಅಲ್ಲಿನ ಆರೋಪ. ನಕಲಿ ನಾಣ್ಯ ನಗರವನ್ನು ಕೆಡಿಸುತ್ತದೆ, ಅಸಲಿ ನಾಣ್ಯ ಧರ್ಮಪೀಠವನ್ನೇ ಕೆಡಿಸುತ್ತದೆ: ಒಂದೇ ಕಾವ್ಯದ ಎರಡು ತುದಿಗಳಲ್ಲಿ ಈ ಎರಡು ಮಾತುಗಳಿವೆ.

1400ರಲ್ಲಿ ತೀರಿಕೊಂಡ ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್‌ಬರಿ ಕಥೆಗಳು’ ಕೃತಿಯಲ್ಲಿ ಮೂವರು ಪುಂಡರು ಸಾವನ್ನೇ ಕೊಲ್ಲುತ್ತೇವೆಂದು ಹೊರಟು ಮರವೊಂದರ ಬುಡದಲ್ಲಿ ಫ್ಲೋರಿನ್ನುಗಳ ರಾಶಿಯನ್ನು ಕಾಣುತ್ತಾರೆ. ಹಂಚಿಕೆಯ ಆಸೆಯಲ್ಲಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಈ ಕಥೆಯ ಬಹು ಹಳೆಯ ರೂಪ ಬೌದ್ಧರ ವೇದಬ್ಭ ಜಾತಕದಲ್ಲಿದೆ. ಅಲ್ಲಿ ಆಕಾಶದಿಂದ ಸುರಿದ ರತ್ನಗಳಿಗಾಗಿ ಕಳ್ಳರ ತಂಡ ನಾಶವಾಗುತ್ತದೆ. ಭಾರತದಿಂದ ಪಶ್ಚಿಮಕ್ಕೆ ಸಾಗಿದ ಕಥೆ ಇಂಗ್ಲೆಂಡನ್ನು ತಲುಪುವ ಹೊತ್ತಿಗೆ ಅದರೊಳಗಿನ ರತ್ನಗಳು ಫ್ಲೋರಿನ್ನುಗಳಾಗಿದ್ದವು. ಮೆಣಸಿನ ಬೆಲೆಯಾಗಿ ನಾಣ್ಯಗಳು ಪೂರ್ವಕ್ಕೆ ಸಾಗುತ್ತಿದ್ದ ಕಾಲವೇ ಅದು.

ಚಿತ್ರಕಲೆಯಲ್ಲಿ ಇದೇ ಅನುಮಾನ ತಕ್ಕಡಿಯ ರೂಪ ತಾಳುತ್ತದೆ. ಆಂಟ್‌ವರ್ಪಿನ ಕ್ವೆಂಟಿನ್ ಮಾಸ್ಸಿಸ್ 1514ರಲ್ಲಿ ರಚಿಸಿದ, ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಹಣದ ವ್ಯಾಪಾರಿಯೊಬ್ಬ ಸಣ್ಣ ತಕ್ಕಡಿಯನ್ನು ಹಿಡಿದು ನಾಣ್ಯ ತೂಗುತ್ತಿದ್ದಾನೆ. ಪಕ್ಕದಲ್ಲಿ ಅವನ ಹೆಂಡತಿ ಪ್ರಾರ್ಥನಾಪುಸ್ತಕದ ಹಾಳೆ ತಿರುವುತ್ತಿದ್ದಾಳೆ. ಅವಳ ಕಣ್ಣು ಮಾತ್ರ ಪುಸ್ತಕವನ್ನು ಬಿಟ್ಟು ನಾಣ್ಯಗಳ ಕಡೆಗಿದೆ. ಅದನ್ನು ನೀತಿಬೋಧೆಯೆಂದು ಓದುವವರೂ ಇದ್ದಾರೆ, ಪ್ರಾಮಾಣಿಕ ವೃತ್ತಿಯ ಚಿತ್ರವೆಂದು ಓದುವವರೂ ಇದ್ದಾರೆ. ಎರಡು ಓದುಗಳಿಗೂ ಒಪ್ಪುವ ಒಂದು ವಾಸ್ತವ ಅಲ್ಲಿದೆ. ನಾನಾ ರಾಜ್ಯಗಳ ನಾಣ್ಯಗಳು ಒಂದೇ ಮೇಜಿನ ಮೇಲೆ ಬಂದು ಬೀಳುವ ಬಂದರು ನಗರದಲ್ಲಿ ಬರಹವನ್ನು ಓದಬಲ್ಲವನೂ ತಕ್ಕಡಿಯನ್ನು ಕೆಳಗಿಡುವಂತಿರಲಿಲ್ಲ. ಕಲಾವಿದರ ಜೀವನವೂ ಈ ನಾಣ್ಯದಲ್ಲಿಯೇ ಅಳೆಯಲ್ಪಡುತ್ತಿತ್ತು. ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1524ರಲ್ಲಿ ನ್ಯೂರೆಂಬರ್ಗಿನ ನಗರಸಭೆಗೆ ಬರೆದ ಪತ್ರದಲ್ಲಿ, ಹಿಂದೆ ವೆನಿಸ್ಸಿನ ಸರ್ಕಾರ ತನಗೆ ವರ್ಷಕ್ಕೆ 200 ಡುಕಾಟ್ ಕೊಟ್ಟು ಉಳಿಸಿಕೊಳ್ಳಲು ಬಯಸಿತ್ತೆಂಬುದನ್ನು ನೆನಪಿಸುತ್ತಾನೆ. ತನ್ನ ಊರು ತನಗೆ ಕೊಟ್ಟ ಬೆಲೆಯನ್ನು ಪರೋಕ್ಷವಾಗಿ ತೂಗಿ ತೋರಿಸುವ ರೀತಿ ಅದು.

ಷೇಕ್ಸ್‌ಪಿಯರ್ ಕಾಣುವ ಹೊತ್ತಿಗೆ ಡುಕಾಟ್ ಯಾವ ಒಂದು ನಗರದ್ದೂ ಆಗಿರಲಿಲ್ಲ. ಚಿನ್ನದ ಹಣಕ್ಕೇ ಅದು ಪರ್ಯಾಯ ಪದವಾಗಿತ್ತು. 1600ರಲ್ಲಿ ಅಚ್ಚಾದ ‘ವೆನಿಸ್ಸಿನ ವ್ಯಾಪಾರಿ’ ನಾಟಕದ ಸಾಲ 3000 ಡುಕಾಟ್, ಅವಧಿ ಮೂರು ತಿಂಗಳು, ಒತ್ತೆ ಒಂದು ಪೌಂಡು ಮಾಂಸ. ಚಿನ್ನದ ನಾಣ್ಯಗಳೆಂದೇ ಎಣಿಸಿದರೆ ಆ ಸಾಲ ಹತ್ತು ಕಿಲೋಗ್ರಾಮಿಗೂ ಮಿಕ್ಕಿದ ಚಿನ್ನ. ನಾಟಕದ ಇಡೀ ವಾದ ನಿಂತಿರುವುದು ತೂಕದ ಮೇಲೆ: ನಾಣ್ಯವನ್ನು ತೂಗುವ ತಕ್ಕಡಿಯಲ್ಲಿ ಮನುಷ್ಯನ ಮಾಂಸವನ್ನು ತೂಗಲು ಹೊರಟಾಗ, ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದೆಂಬ ಸರಾಫನ ನಿಯಮವೇ ಸಾಲ ಕೊಟ್ಟವನಿಗೆ ತಿರುಗುಬಾಣವಾಗುತ್ತದೆ. ‘ಹ್ಯಾಮ್ಲೆಟ್’ ನಾಟಕದ ಡೆನ್ಮಾರ್ಕಿನಲ್ಲಿಯೂ ಡುಕಾಟೇ ಮಾತಿಗೆ ಬರುತ್ತದೆ. ಐದು ಡುಕಾಟ್ ಕೊಟ್ಟು ಗುತ್ತಿಗೆಗೆ ಹಿಡಿಯಲೂ ಲಾಯಕ್ಕಲ್ಲದ ತುಂಡು ನೆಲಕ್ಕಾಗಿ ಸೈನ್ಯಗಳು ಸಾಯಲು ಹೊರಟಿರುವುದನ್ನು ರಾಜಕುಮಾರ ಅಲ್ಲಿ ಕಾಣುತ್ತಾನೆ.

ಪೂರ್ವದ ಹಾದಿ

ಯುರೋಪಿನ ಕೃತಿಗಳಲ್ಲಿ ಡುಕಾಟ್ ಮನೆಯೊಳಗಿನ ವಸ್ತು. ಅದರ ನಿಜವಾದ ಹರಿವು ಹೊರಮುಖವಾಗಿತ್ತು. ಮೆಣಸು, ಶುಂಠಿ, ದಾಲ್ಚಿನ್ನಿ, ಲವಂಗಗಳಿಗೆ ಯುರೋಪು ಕೊಡಬಲ್ಲ ಸರಕು ಕಡಿಮೆ. ಅಂತರವನ್ನು ಚಿನ್ನ ಬೆಳ್ಳಿಗಳಿಂದ ತುಂಬಬೇಕಾಗಿತ್ತು. ಹಂಗೆರಿಯ ಗಣಿಗಳಿಂದಲೂ, ಸಹಾರಾ ಮರುಭೂಮಿಯನ್ನು ದಾಟಿ ಪಶ್ಚಿಮ ಆಫ್ರಿಕದಿಂದಲೂ ಬಂದ ಚಿನ್ನ ವೆನಿಸ್ಸಿನಲ್ಲಿ ಡುಕಾಟಾಗಿ ಅಲೆಗ್ಸಾಂಡ್ರಿಯಕ್ಕೆ ಹೋಗುತ್ತಿತ್ತು. ಅಲ್ಲಿಂದ ಕೆಂಪು ಸಮುದ್ರದ ವರ್ತಕರ ಕೈಸೇರಿ ಗುಜರಾತಿಗೂ ಕೊಂಕಣ, ಕನ್ನಡ, ಮಲಬಾರ ಕರಾವಳಿಗಳಿಗೂ ಬರುತ್ತಿತ್ತು.

ಹಾದಿಯಲ್ಲಿದ್ದ ಅರಸರು ಇದನ್ನು ನೋಡುತ್ತ ಸುಮ್ಮನಿರಲಿಲ್ಲ. ಈಜಿಪ್ಟಿನ ಮಾಮ್ಲೂಕ್ ಸುಲ್ತಾನ ಬರ್ಸ್‌ಬಾಯ್ 1425ರಲ್ಲಿ ಹೊರತಂದ ‘ಅಶ್ರಫಿ’ ನಾಣ್ಯದ ತೂಕ ಡುಕಾಟಿನ ತೂಕಕ್ಕೆ ಸಮೀಪವಾದದ್ದು. ಪರದೇಶದ ಚಿತ್ರನಾಣ್ಯವನ್ನು ಪೇಟೆಯಿಂದ ಹೊರದೂಡುವುದು ಅದರ ಉದ್ದೇಶ. ಕನ್ನಡ ಮತ್ತು ಉರ್ದು ಕಥೆಗಳಲ್ಲಿ ಚಿನ್ನದ ನಾಣ್ಯವೆಂಬ ಅರ್ಥದಲ್ಲಿ ಬರುವ ‘ಅಶರಫಿ’ ಈ ನಾಣ್ಯದ ಹೆಸರಿನ ಮುಂದುವರಿಕೆ. ತುರ್ಕಿಯ ಸುಲ್ತಾನ ಎರಡನೆಯ ಮೆಹ್ಮದ್ 1470ರ ದಶಕದ ಕೊನೆಯಲ್ಲಿ ಆರಂಭಿಸಿದ ‘ಸುಲ್ತಾನಿ’ ಕೂಡ ಡುಕಾಟಿನ ತೂಕವನ್ನೇ ಅನುಸರಿಸಿತು. ಯುರೋಪಿನಲ್ಲಿಯೂ 1559ರ ಆಗ್ಸ್‌ಬರ್ಗ್ ಕಟ್ಟಳೆ ಜರ್ಮನ್ ಸಾಮ್ರಾಜ್ಯಕ್ಕೆ ಡುಕಾಟನ್ನು ಅಧಿಕೃತ ಚಿನ್ನದ ನಾಣ್ಯವಾಗಿಸಿತು. ಹೀಗೆ ಧರ್ಮ, ಭಾಷೆ, ರಾಜ್ಯ ಬೇರೆಯಾದರೂ ಮೂರೂವರೆ ಗ್ರಾಮಿನ ಚಿನ್ನ ಎಲ್ಲರಿಗೂ ಒಪ್ಪಿತವಾದ ಅಳತೆಯಾಯಿತು.

ಭಾರತದಲ್ಲಿ ಡುಕಾಟಿನ ಚಲಾವಣೆಗೆ ವೆನಿಸ್ ಸೀಮೆಯವನೇ ಒಬ್ಬ ಸಾಕ್ಷಿಯಿದ್ದಾನೆ. ಕಿಯೊಜ್ಜ ಎಂಬ ಊರಿನ ನಿಕೊಲೊ ಕೊಂತಿ 15ನೆಯ ಶತಮಾನದ ಮೊದಲರ್ಧದಲ್ಲಿ ಪೂರ್ವದೇಶಗಳಲ್ಲಿ ದೀರ್ಘಕಾಲ ಸಂಚರಿಸಿದನು, ವಿಜಯನಗರವನ್ನೂ ಕಂಡನು. ಅವನು ಹೇಳಿದುದನ್ನು ಪೋಪರ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚೊಲೀನಿ ಲ್ಯಾಟಿನ್ನಿನಲ್ಲಿ ಬರೆದಿಟ್ಟನು. ಭಾರತದ ಕೆಲವೆಡೆ ವೆನಿಸ್ಸಿನ ಡುಕಾಟುಗಳು ಚಲಾವಣೆಯಲ್ಲಿವೆ ಎಂಬ ಮಾತು ಅದರಲ್ಲಿದೆ. ಭಾರತದ ಇತರ ಚಿನ್ನದ ನಾಣ್ಯಗಳನ್ನು ವರ್ಣಿಸುವಾಗ ಅವುಗಳ ತೂಕವನ್ನು ಫ್ಲೋರಿನ್ನಿಗೆ ಹೋಲಿಸಿ ಹೇಳಲಾಗಿದೆ.

ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುತ್ತಿತ್ತು. ಅದರ ತೂಕಮಾನ ದಖ್ಖನಿನ ಹಳೆಯ ಗದ್ಯಾಣ ಪರಂಪರೆಯದು, ಡುಕಾಟಿನಿಂದ ಬಂದದ್ದಲ್ಲ. ಎರಡು ಬೇರೆ ಪರಂಪರೆಗಳ ನಾಣ್ಯಗಳು ತೂಕದಲ್ಲಿ ಇಷ್ಟು ಹತ್ತಿರವಿದ್ದದ್ದು ವ್ಯಾಪಾರಿಗಳಿಗೆ ಅನುಕೂಲವಾಗಿಯೇ ಇದ್ದಿರಬೇಕು. ಹೆಸರುಗಳ ಸಾಗಾಟವೂ ಒಮ್ಮುಖವಾಗಿರಲಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಅರ್ಧ ವರಹಕ್ಕೆ ‘ಪರ್ತಾಬ್’ ಎಂಬ ಹೆಸರನ್ನು ಕೊಡುತ್ತಾನೆ. ಅದು ‘ಪ್ರತಾಪ’. ಅದೇ ಪದ ಪೋರ್ಚುಗೀಸರ ಬಾಯಲ್ಲಿ ‘ಪರ್ದಾವ್’ ಆಗಿ ಗೋವೆಯ ಲೆಕ್ಕಪತ್ರಗಳ ಮುಖ್ಯ ಹಣವಾಯಿತು. ದಕ್ಷಿಣದ ‘ಪಣ’ ಅಥವಾ ‘ಹಣ’ ಯುರೋಪಿನ ಕಂಪನಿಗಳ ಕಡತಗಳಲ್ಲಿ ‘ಫನಂ’ ಆಯಿತು. ಡುಕಾಟ್ ಇಲ್ಲಿಗೆ ಬಂದಂತೆ ಇಲ್ಲಿನ ಪದಗಳು ಅಲ್ಲಿಗೆ ಹೋದವು.

ಚಿತ್ರವನ್ನು ಓದಿದ ಭಾಷೆಗಳು

ಈಗ ಎರಡನೆಯ ಪ್ರಶ್ನೆ: ಬರಹವನ್ನು ಓದಲಾರದವರು ಈ ನಾಣ್ಯದಲ್ಲಿ ಏನನ್ನು ಕಂಡರು? ಉತ್ತರ ಅವರು ಅದಕ್ಕಿಟ್ಟ ಹೆಸರುಗಳಲ್ಲಿದೆ.

ಅರಬ್ಬಿಯಲ್ಲಿ ಇದಕ್ಕೆ ‘ಮುಶಖ್ಖಸ್’ ಎಂಬ ಹೆಸರಿತ್ತು, ವ್ಯಕ್ತಿಚಿತ್ರವುಳ್ಳದ್ದು ಎಂದರ್ಥ. ಅಕ್ಷರಗಳೇ ತುಂಬಿದ ಇಸ್ಲಾಮಿ ನಾಣ್ಯಗಳ ನಡುವೆ ಮನುಷ್ಯರ ಆಕೃತಿಯಿರುವ ನಾಣ್ಯ ಬೇರೆಯಾಗಿ ಕಂಡದ್ದು ಸಹಜ. 1418ರಲ್ಲಿ ತೀರಿಕೊಂಡ ಕೈರೊದ ವಿದ್ವಾಂಸ ಅಲ್ ಕಲ್ಕಶಂದಿ ಈ ನಾಣ್ಯಗಳ ಒಂದು ಮುಖದಲ್ಲಿ ಅದನ್ನು ಮುದ್ರಿಸಿದ ಅರಸನೂ ಇನ್ನೊಂದು ಮುಖದಲ್ಲಿ ಪೀಟರ್, ಪಾಲ್ ಎಂಬ ಅಪೊಸ್ತಲರೂ ಇದ್ದಾರೆಂದು ವಿವರಿಸುತ್ತಾನೆ. ಡುಕಾಟಿನ ಮಟ್ಟಿಗೆ ಇದು ತಪ್ಪು ಓದು. ಆದರೆ ಚಿತ್ರಗಳು ಕ್ರೈಸ್ತರ ಪೂಜ್ಯವ್ಯಕ್ತಿಗಳವೆಂಬುದನ್ನು ಬಲ್ಲ ವಿದ್ವಾಂಸನ ತಪ್ಪು ಅದು.

ಮರಾಠಿಯಲ್ಲಿ ಇದೇ ನಾಣ್ಯ ‘ಪುತಳಿ’ ಎನಿಸಿತು. ಸಂಸ್ಕೃತದ ‘ಪುತ್ತಲೀ’, ಕನ್ನಡದ ‘ಪುತ್ತಳಿ’ ಎಂದರೆ ಬೊಂಬೆ, ಪ್ರತಿಮೆ. ಮುಶಖ್ಖಸ್ ಮತ್ತು ಪುತಳಿ ಪರಸ್ಪರ ಅನುವಾದಗಳಲ್ಲ. ಎರಡು ಭಾಷೆಗಳು ಒಂದೇ ವಸ್ತುವನ್ನು ನೋಡಿ ಸ್ವತಂತ್ರವಾಗಿ ಒಂದೇ ಲಕ್ಷಣವನ್ನು ಹೆಸರಾಗಿಸಿದ ಉದಾಹರಣೆಗಳು. ಇಂಥ ನಾಣ್ಯಗಳನ್ನು ಪೋಣಿಸಿದ ಹಾರ ಮಹಾರಾಷ್ಟ್ರದಲ್ಲಿ ಪುತಳಿಗಳ ಮಾಳೆ, ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಪುತಳಿ ಸರ’. ಮುಂದೆ ಅಕ್ಕಸಾಲಿಗರು ನಾಣ್ಯದ ಬದಲಿಗೆ ಲಕ್ಷ್ಮಿಯ ಅಥವಾ ಬೇರೆ ದೇವತೆಯ ಅಚ್ಚೊತ್ತಿದ ಬಿಲ್ಲೆಗಳನ್ನು ಪೋಣಿಸತೊಡಗಿದರು. ಹೆಸರು ಮಾತ್ರ ಪುತಳಿಯೆಂದೇ ಉಳಿಯಿತು. ಡೋಜನ ಜಾಗಕ್ಕೆ ದೇವಿ ಬಂದಳು, ಪದ ಸ್ಥಾನ ಬಿಡಲಿಲ್ಲ.

ಮಲಯಾಳಂನಲ್ಲಿ ಈ ನಾಣ್ಯದ ಹೆಸರು ‘ಆಮಾಡ’. ಆಭರಣಗಳನ್ನಿಡುವ ಹಳೆಯ ಕಾಲದ ಕುಸುರಿ ಪೆಟ್ಟಿಗೆಗೆ ಕೇರಳದಲ್ಲಿ ಇಂದಿಗೂ ‘ಆಮಾಡಪೆಟ್ಟಿ’ ಎನ್ನುತ್ತಾರೆ. ನಾಣ್ಯ ಕಣ್ಮರೆಯಾದ ಮೇಲೆ ಅದನ್ನಿಡುತ್ತಿದ್ದ ಪಾತ್ರೆಯಲ್ಲಿ ಪದ ಆಶ್ರಯ ಪಡೆದಿದೆ.

ಎಲ್ಲಕ್ಕಿಂತ ಸ್ವಾರಸ್ಯವಾದ ಓದು ತಿರುವಾಂಕೂರು ಮತ್ತು ತೆಂಕಣ ತಮಿಳು ನಾಡಿನದು. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಅಧೀಕ್ಷಕರಾಗಿದ್ದ ಎಡ್ಗರ್ ಥರ್ಸ್ಟನ್ನರ ಬರಹಗಳಲ್ಲಿ ದಾಖಲಾಗಿರುವಂತೆ ಅಲ್ಲಿ ಈ ನಾಣ್ಯಕ್ಕೆ ‘ಶಾನಾರ್ ಕಾಸು’ ಎಂಬ ಹೆಸರಿತ್ತು. ಶಾನಾರ್ ಎಂಬುದು ತಾಳೆಮರವೇರಿ ಹೆಂಡ ಇಳಿಸುತ್ತಿದ್ದ ಸಮುದಾಯಕ್ಕೆ ಅಂದು ಬಳಕೆಯಲ್ಲಿದ್ದ ಹೆಸರು. ನಾಣ್ಯದ ನಡುವೆ ನೆಟ್ಟಗೆ ನಿಂತ ಧ್ವಜದ ಕೋಲು ನೋಡಿದವರಿಗೆ ತಾಳೆಮರವಾಗಿ ಕಂಡಿತು. ಕೋಲನ್ನು ಹಿಡಿದು ಮಂಡಿಯೂರಿದ ಡೋಜ್ ಮರವನ್ನು ತಬ್ಬಿ ಏರುವವನಾದನು. ಪ್ರಭುತ್ವವು ದೇವರ ಕೃಪೆಯಿಂದ ಬಂದುದೆಂದು ಸಾರಲು ಕೊರೆದ ಚಿತ್ರ ದಕ್ಷಿಣದ ಹೊಲದಂಚಿನ ದುಡಿಮೆಯ ಚಿತ್ರವಾಯಿತು. ಇದನ್ನು ತಪ್ಪು ತಿಳಿವಳಿಕೆಯೆಂದು ನಕ್ಕು ಬಿಡುವುದು ಸುಲಭ. ಆದರೆ ಅಲ್ ಕಲ್ಕಶಂದಿಯ ಓದೂ ಇದೂ ಒಂದೇ ಕ್ರಮದ್ದು: ಇಬ್ಬರೂ ತಮಗೆ ಗೊತ್ತಿದ್ದ ಲೋಕದಿಂದ ಅಪರಿಚಿತ ಚಿಹ್ನೆಯನ್ನು ತುಂಬಿಕೊಂಡರು. ಒಬ್ಬನಿಗೆ ಗೊತ್ತಿದ್ದದ್ದು ಗ್ರಂಥಗಳ ಲೋಕ, ಇನ್ನೊಬ್ಬನಿಗೆ ಮರದ ಲೋಕ.

ನಕಲಿನ ಇತಿಹಾಸ ಇದೇ ಸಂಗತಿಯನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. ಮೆಡಿಟರೇನಿಯನ್ ಪೂರ್ವತೀರದಲ್ಲಿಯೂ ಭಾರತದಲ್ಲಿಯೂ ಡುಕಾಟಿನ ಅನುಕರಣೆಗಳು ಹೇರಳವಾಗಿ ತಯಾರಾದವು. ರೋಡ್ಸ್ ದ್ವೀಪದ ಕ್ರೈಸ್ತ ಯೋಧಸಂಘದಂಥವರು ಚಿತ್ರವನ್ನು ಹಾಗೆಯೇ ಇರಿಸಿಕೊಂಡು ತಮ್ಮ ಹೆಸರನ್ನು ಸ್ಪಷ್ಟವಾಗಿ ಕೊರೆಸಿದರು. ಲ್ಯಾಟಿನ್ ಅರಿಯದ ಕೈಗಳು ಕೊರೆದ ಅಚ್ಚುಗಳಲ್ಲಾದರೆ ಅಕ್ಷರಗಳು ತಲೆಕೆಳಗಾದವು, ಕನ್ನಡಿಯ ಬಿಂಬವಾದವು, ಕೊನೆಗೆ ಬರೀ ಗೀರುಗಳೂ ಚುಕ್ಕೆಗಳೂ ಆದವು. ಭಾರತದ ಆಭರಣಗಳಲ್ಲಿ ದೊರೆಯುವ ಅನೇಕ ಡುಕಾಟುಗಳು ಇಂಥವು. ಅಕ್ಷರ ಅಳಿದರೂ ನಿಂತ ಸಂತ, ಮಂಡಿಯೂರಿದ ಡೋಜ್, ನಡುವಿನ ಕೋಲು, ಪ್ರಭಾವಳಿ ಅಳಿಯುವುದಿಲ್ಲ. ಕೊಳ್ಳುವವರು ಗುರುತಿಸುತ್ತಿದ್ದುದು ಯಾವುದನ್ನು, ಕಡೆಗಣಿಸುತ್ತಿದ್ದುದು ಯಾವುದನ್ನು ಎಂಬುದಕ್ಕೆ ಇಷ್ಟು ನೇರವಾದ ಪುರಾವೆ ಬೇರೆ ಸಿಗಲಾರದು.

ಉಳಿದುದು

1797ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಒತ್ತಡಕ್ಕೆ ಮಣಿದು ವೆನಿಸ್ ಗಣರಾಜ್ಯ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಕೊನೆಯ ಡೋಜ್ ಲುದೊವಿಕೊ ಮಾನಿನ್ನನ ಹೆಸರು ಹೊತ್ತ ಡುಕಾಟಿನಲ್ಲಿಯೂ 1284ರ ಅದೇ ಚಿತ್ರವಿದೆ. ಶಿಲ್ಪಿ ಸನ್ಸೊವೀನೊ 16ನೆಯ ಶತಮಾನದಲ್ಲಿ ಕಟ್ಟಿದ ತ್ಸೆಕ್ಕ ಈಗಲೂ ಸಂತ ಮಾರ್ಕನ ಚೌಕದ ಪಕ್ಕದಲ್ಲಿ ನಿಂತಿದೆ; ಅದೀಗ ಮಾರ್ಚಿಯಾನ ರಾಷ್ಟ್ರೀಯ ಗ್ರಂಥಾಲಯದ ಭಾಗ. ಇಟಲಿಯ ಮಕ್ಕಳಿಗೆ ನಾಣ್ಯ ಕಥೆಯಾಗಿ ಉಳಿದಿದೆ. 1880ರ ದಶಕದ ಮೊದಲಲ್ಲಿ ಕಾರ್ಲೊ ಕೊಲ್ಲೋದಿ ಬರೆದ ಪಿನೋಕಿಯೊ ಕಥೆಯ ಮರದ ಬೊಂಬೆ ನಾಲ್ಕು ಚಿನ್ನದ ತ್ಸೆಕ್ಕೀನೊಗಳನ್ನು ಮಣ್ಣಿನಲ್ಲಿ ಹೂತು ನಾಣ್ಯದ ಗಿಡ ಬೆಳೆಯಲೆಂದು ಕಾಯುತ್ತದೆ. ನರಿ ಮತ್ತು ಬೆಕ್ಕು ಅವನ್ನು ಕದ್ದೊಯ್ಯುತ್ತವೆ. 1959ರಲ್ಲಿ ಆರಂಭವಾದ ಇಟಲಿಯ ಮಕ್ಕಳ ಹಾಡಿನ ಉತ್ಸವದ ಹೆಸರೂ ‘ಚಿನ್ನದ ತ್ಸೆಕ್ಕೀನೊ’.

ಭಾರತದಲ್ಲಿ ಉಳಿದುದು ಆಭರಣದ ಹೆಸರುಗಳು. ಇಲ್ಲಿ ಅಪಾಯವೂ ಹೆಚ್ಚು. ಸಂಗ್ರಹಾಲಯದಲ್ಲಿರುವ ಡುಕಾಟಿಗೆ ದಾಖಲೆಯಿದೆ. ಮನೆಯ ಪೆಟ್ಟಿಗೆಯಲ್ಲಿರುವ ಪುತಳಿ ಸರಕ್ಕೆ ಹೆಸರಷ್ಟೇ ದಾಖಲೆ. ಮಗಳ ಮದುವೆಗೆಂದೋ ಸಾಲ ತೀರಿಸಲೆಂದೋ ಅದನ್ನು ಕರಗಿಸಿದ ದಿನ ನಾಣ್ಯ ಹೋಗುತ್ತದೆ. ಹೊಸ ಸರಕ್ಕೆ ಅಂಗಡಿಯವರು ಕೊಟ್ಟ ಹೊಸ ಹೆಸರು ಬಂದ ದಿನ ಪದವೂ ಹೋಗುತ್ತದೆ. ಅದರೊಡನೆ, ಲ್ಯಾಟಿನ್ ಬರಹವೊಂದನ್ನು ಅರಬ್ಬಿ, ಮರಾಠಿ, ಮಲಯಾಳಂ, ತಮಿಳು, ಕನ್ನಡಗಳು ತಮ್ಮ ತಮ್ಮ ರೀತಿಯಲ್ಲಿ ಓದಿಕೊಂಡ ಕಥೆಯ ಒಂದು ಎಳೆ ಕಡಿಯುತ್ತದೆ. ಗಡಿಯಾಚೆಯ ಕನ್ನಡ ಮನೆಗಳಲ್ಲಿ ಈ ಹೆಸರುಗಳು ಎರಡು ಭಾಷೆಗಳಿಗೆ ಸೇರಿದವಾದ್ದರಿಂದ ಯಾವ ಒಂದು ಭಾಷೆಯ ನಿಘಂಟಿನ ಲೆಕ್ಕಕ್ಕೂ ಪೂರ್ತಿ ಸಿಗುವುದಿಲ್ಲ. ಮನೆಯ ಪಾಲುಪತ್ರ, ಒತ್ತೆಯ ಚೀಟಿ, ಸೋಬಾನೆ ಹಾಡು, ಅಕ್ಕಸಾಲಿಗರ ಮಾತು ಇವುಗಳಲ್ಲಿ ಆಭರಣದ ಹೆಸರು ಬಂದಾಗ ಅದು ಯಾವ ಭಾಷೆಯ ಪದವೆಂದು ತೀರ್ಮಾನಿಸುವ ಮೊದಲು ಅದು ಯಾವ ವಸ್ತುವನ್ನು ನೋಡಿ ಹುಟ್ಟಿದ ಪದವೆಂದು ಕೇಳುವುದು ಲೇಸು. ಡುಕಾಟಿನ ಇತಿಹಾಸ ಕಲಿಸುವ ಕ್ರಮ ಇದೇ.